ಪರೀಕ್ಷೆಗೆ ಹೊಸ ಪುಸ್ತಕ, ತಿಳಿವಳಿಕೆಗೆ ಹಳೆಯದೂ ಇರಲಿ

ಮನೆಯಲ್ಲೇ ಓದಿ ಎಸ್ಸೆಸ್ಸೆಲ್ಸಿಗೆ ಕೂರುವ ಮಕ್ಕಳು ನಮ್ಮ ಭಾಗಕ್ಕೆ ಹೊಸಬರಲ್ಲ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಅಪ್ಪ-ಅವ್ವನ ಸಂಗಡ ಗೋವಾ, ಮಂಗಳೂರಿಗೆ ಗುಳೆ ಹೋಗಿ ಬಂದವರು, ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಓದು ಅರ್ಧಕ್ಕೆ ನಿಂತವರು ‘ಎಕ್ಸ್‌ಟರ್ನಲ್’ ಕಟ್ಟುತ್ತಾರೆ. ಇವರ ಕೈಗೆ ಮೊದಲು ಸಿಗುವುದು ಅಕ್ಕನದೋ, ಓಣಿಯ ಹುಡುಗನದೋ ಹಳೆಯ ಪುಸ್ತಕ. ವಿಜ್ಞಾನವನ್ನು ಅದರಲ್ಲೇ ಓದಿಸಬೇಕೋ, ಹೊಸದು ತರಬೇಕೋ ಎಂಬ ಗೊಂದಲ ಪಾಲಕರದು.

ಪರೀಕ್ಷೆಯ ಮಟ್ಟಿಗೆ ಆ ವರ್ಷದ ಪುಸ್ತಕವೇ ಪ್ರಮಾಣ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಎರಡರ ಪರಿವಿಡಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಉಳಿದಿದೆ, ಏನು ಹೋಗಿದೆ ಎನ್ನುವುದು ತಿಳಿಯುತ್ತದೆ. ಆದರೆ ಹೊಸದು ಬಂತೆಂದು ಹಳೆಯದನ್ನು ರದ್ದಿಗೆ ಹಾಕಬೇಡಿ.

ನಮ್ಮ ಹೈಸ್ಕೂಲು ವಿಜ್ಞಾನ ಕೆಲವು ವರ್ಷಗಳಿಂದ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಆಧರಿಸಿದೆ. ಕೋವಿಡ್ ಕಾಲದ ಹೊರೆ ಇಳಿಸುವ ಕಾರಣ ಕೊಟ್ಟು ಆ ಸಂಸ್ಥೆ 2022ರಲ್ಲಿ ಪಠ್ಯ ಕಡಿತ ಪ್ರಕಟಿಸಿತು. ಹತ್ತನೇ ತರಗತಿಯಿಂದ ಧಾತುಗಳ ಆವರ್ತನೀಯ ವರ್ಗೀಕರಣ, ಜೀವವಿಕಾಸ, ಶಕ್ತಿಯ ಆಕರಗಳು, ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆ ಹೋದವು. ವಿದ್ಯುತ್ ಮೋಟಾರು, ಜನರೇಟರಿನ ಪಾಠವೂ ಹೋಯಿತು. ಜೀವವಿಕಾಸವನ್ನು ಮರಳಿ ಸೇರಿಸಿ ಎಂದು 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು 2023ರ ಏಪ್ರಿಲ್‌ನಲ್ಲಿ ಬಹಿರಂಗ ಪತ್ರ ಬರೆದರು. ಮುಂದಿನ ತರಗತಿಗಳಲ್ಲಿ ಇವು ಬರುತ್ತವಲ್ಲ ಎಂಬುದು ಕಡಿತದ ಪರವಾದ ಮಾತು. ಪಿಯುಸಿಯಲ್ಲಿ ವಿಜ್ಞಾನ ಹಿಡಿಯುವವರಿಗೆ ಅದು ಸರಿ. ಹತ್ತನೆಯದು ಮುಗಿಸಿ ಮಗ್ಗಕ್ಕೋ, ಕಲ್ಲಿನ ಕ್ವಾರಿಗೋ ಹೋಗುವ ಮಗುವಿಗೆ ಅದೇ ಬದುಕಿನ ಕೊನೆಯ ವಿಜ್ಞಾನ ಪುಸ್ತಕ.

ಬಿಟ್ಟುಹೋದ ಈ ಪಾಠಗಳೇ ನಮ್ಮ ನೆಲಕ್ಕೆ ತೀರ ಹತ್ತಿರದವು. ಆಲಮಟ್ಟಿ ಹಿನ್ನೀರಿಗೆ ಮನೆಮಠ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಮನೆತನಗಳು ಬಾಗಲಕೋಟೆಯಲ್ಲಿ ಎಷ್ಟೋ ಇವೆ. ಆ ಅಣೆಕಟ್ಟೆಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಬೀಳುವ ನೀರು ಟರ್ಬೈನು ತಿರುಗಿಸಿ, ಆಯಸ್ಕಾಂತ ಮತ್ತು ತಂತಿ ಸುರುಳಿಯ ನಡುವೆ ಕರೆಂಟು ಹುಟ್ಟುವುದು ಹೇಗೆಂದು ಆ ಮನೆಗಳ ಮಕ್ಕಳಿಗೆ ತಿಳಿಯದೆ ಹೋದರೆ ಅದು ಅನ್ಯಾಯ. ಕಲಾದಗಿ ಸೀಮೆಯ ಸುಣ್ಣದ ಶಿಲೆಗಳಲ್ಲಿ ಅತಿ ಪುರಾತನ ಸೂಕ್ಷ್ಮಜೀವಿಗಳು ಕಟ್ಟಿದ ಪದರುಗಳಿವೆ. ಭೂವಿಜ್ಞಾನಿಗಳು ಅವನ್ನು ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಜೀವವಿಕಾಸದ ಪಾಠಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ಇಳಕಲ್ಲಿನ ಕೆಂಪು ಗ್ರಾನೈಟು ಕಡಲಾಚೆ ಹೋಗುತ್ತದೆ. ಒಮ್ಮೆ ತೆಗೆದ ಕಲ್ಲು ಮತ್ತೆ ಬೆಳೆಯದು ಎಂಬುದನ್ನು ಸಂಪನ್ಮೂಲದ ಪಾಠದಲ್ಲಿ ಕಲಿಯಬೇಕಾದವರು ಅಲ್ಲಿಯ ಮಕ್ಕಳೇ.

ಹಾಗೆಂದು ಹಳೆಯದರಲ್ಲಿ ಇರುವುದೆಲ್ಲ ಇಂದಿಗೂ ಸರಿ ಅಂತಲ್ಲ. ಪ್ಲೂಟೊ 2006ರಲ್ಲಿ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. 113, 115, 117, 118ನೇ ಧಾತುಗಳಿಗೆ ಹೆಸರು ನಿಂತದ್ದು 2016ರಲ್ಲಿ. ಕಿಲೋಗ್ರಾಮಿನ ವ್ಯಾಖ್ಯೆ 2019ರ ಮೇ 20ರಿಂದ ಬದಲಾಗಿದೆ. ಇಂಥವನ್ನು ಪೆನ್ಸಿಲಿನಲ್ಲಿ ತಿದ್ದಿಕೊಂಡರಾಯಿತು. ಓಮನ ನಿಯಮ, ಆಮ್ಲ-ಪ್ರತ್ಯಾಮ್ಲ, ಬೆಳಕಿನ ವಕ್ರೀಭವನ ಯಾವ ಆವೃತ್ತಿಯಲ್ಲಿ ಓದಿದರೂ ಅವೇ.

ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಹೈಸ್ಕೂಲಿನ ಹಳೆಯ ವಿಜ್ಞಾನ ಪುಸ್ತಕಗಳ ಒಂದೊಂದು ಪ್ರತಿ ಇರಬೇಕು. ಯಾವ ಪಾಠ ಪರೀಕ್ಷೆಗಿಲ್ಲ, ಆದರೂ ಏಕೆ ಓದಬೇಕು ಎಂದು ಊರಿನ ವಿಜ್ಞಾನ ಮಾಸ್ತರರು ಒಂದು ಹಾಳೆ ಬರೆದು ಅದರೊಳಗಿಡಬೇಕು. ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಈ ಬೇಸಿಗೆಯಲ್ಲಿ ಮಕ್ಕಳ ಪುಸ್ತಕ ರದ್ದಿಗೆ ಹಾಕುವ ಮೊದಲು ವಿಜ್ಞಾನದ್ದನ್ನು ಬೇರೆ ತೆಗೆದು ಅಲ್ಲಿಗೆ ಕೊಟ್ಟು ಬನ್ನಿ.