ಬೆಂಕಿಯಿಂದ ಉಳಿದವರನ್ನು ಕೆಮ್ಮು ಕೊಲ್ಲಬಾರದು



2022ರ ಜೂನ್ 3ರ ಬೆಳಗಿನ ಹೊತ್ತು ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ನಮ್ಮ ಕಮಲಾಪುರದ ಹತ್ತಿರ ಹೊತ್ತಿ ಉರಿಯಿತು. ಕನಿಷ್ಠ 7 ಮಂದಿ ಸುಟ್ಟು ಸತ್ತರು. ಇಡೀ ದೇಶ ಟಿವಿಯಲ್ಲಿ ನೋಡಿತು. ಆದರೆ ಸ್ಟೋವ್ ಸಿಡಿದು, ಕರೆಂಟ್ ಹೊಡೆದು, ವರದಕ್ಷಿಣೆ ಕಿರುಕುಳಕ್ಕೆ ಸುಟ್ಟು ಹಳ್ಳಿಗಳಿಂದ ಕಲಬುರಗಿಗೆ ಬರುವ ಬಡ ಹೆಣ್ಣುಮಕ್ಕಳನ್ನ, ಕೂಲಿ ಮಂದಿನ್ನ ಯಾವ ಕ್ಯಾಮೆರಾ ನೋಡ್ತದ?

ಇವರಲ್ಲಿ ಎಷ್ಟೋ ಮಂದಿ ಬೆಂಕಿಯಿಂದ ಪಾರಾಗಿರ್ತಾರ. ವಾರ, ಎರಡು ವಾರ ಕಳೀತದ. ಆಮೇಲೆ ಜ್ವರ, ದಮ್ಮು. "ನಂಜು ಏರ್ಯದ, ಸುಟ್ಟವರು ಉಳಿಯೋದು ಕಷ್ಟ" ಅಂತಾರ. ನಾವು ಹಣೆಬರಹ ಅಂದು ಹೆಣ ತಗೊಂಡು ಊರಿಗೆ ಹೋಗ್ತೀವಿ.

ಹಣೆಬರಹ ಅಲ್ರಿ. ಮೈ ಬಹಳ ಸುಟ್ಟಾಗ ರೋಗ ತಡೆಯುವ ಶಕ್ತಿ ಕುಸಿಯುತ್ತದೆ. ಹೊಗೆ ಕುಡಿದ ಶ್ವಾಸನಾಳದಲ್ಲಿ ಕಫ ಹೊರಗೆ ತಳ್ಳುವ ಸಣ್ಣ ರೋಮಗಳು ಹಾಳಾಗುತ್ತವೆ. ಆಗ ನೋಡಲು ಬಂದವರ ನೆಗಡಿಯೂ ರೋಗಿಯ ಪುಪ್ಪುಸಕ್ಕೆ ಇಳಿಯಬಹುದು: ಫ್ಲೂ, ಕೋವಿಡ್, ಆರ್‌ಎಸ್‌ವಿ. ತುಟಿ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್, ಸೈಟೊಮೆಗಾಲೊ ಎಂಬ ವೈರಸ್‌ಗಳು ಬಹಳ ಮಂದಿಯ ಮೈಯಲ್ಲಿ ಮೊದಲೇ ಮಲಗಿರುತ್ತವೆ. ಅವೂ ಈ ಹೊತ್ತಿಗೆ ಎದ್ದು ಕೂರುತ್ತವೆ.

ಬ್ಯಾಕ್ಟೀರಿಯಾದ ಸೋಂಕು ದೊಡ್ಡ ಶತ್ರು, ಖರೆ. ಆದರೆ ಕಫದ ಕಲ್ಚರ್‌ನಲ್ಲಿ ವೈರಸ್ ಕಾಣಲ್ಲ, ಆಂಟಿಬಯಾಟಿಕ್‌ಗೆ ಅದು ಬಗ್ಗಲ್ಲ. ಅದನ್ನ ಹಿಡಿಯಲು ಪಿಸಿಆರ್ ಬೇಕು. ಹರ್ಪಿಸ್‌ಗೆ ಅಸೈಕ್ಲೋವಿರ್, ಫ್ಲೂಗೆ ಒಸೆಲ್ಟಾಮಿವಿರ್ ಔಷಧ ಅದಾವ. ಹುಡುಕದಿದ್ದರೆ ಕೊಡೋದು ಹ್ಯಾಂಗ?

"ಇಲ್ಲಿ ಆ ಸೌಲಭ್ಯ ಎಲ್ಲಿ" ಅನ್ನಬೇಡ್ರಿ. 2020ರ ಮಾರ್ಚ್ 10ರಂದು ದೇಶದ ಮೊದಲ ಕೋವಿಡ್ ಸಾವು ಆಗಿದ್ದು ಇದೇ ಕಲಬುರಗಿಯ 76 ವರ್ಷದ ಹಿರಿಯರದು. ಅವತ್ತು ಗಂಟಲು ದ್ರವ ಬೆಂಗಳೂರಿಗೆ ಹೋಗಬೇಕಾಯ್ತು, ಸತ್ತ ಮೇಲೆ ವರದಿ ಬಂತು. ಆಮೇಲೆ ಜಿಮ್ಸ್‌ನಲ್ಲೇ ಪಿಸಿಆರ್ ಲ್ಯಾಬ್ ಬಂತು. ಶ್ರೀಮಂತರಿಗೂ ಅಂಟುವ ರೋಗ ಬಂದಾಗ ಯಂತ್ರ ಬರ್ತದ. ಅದೇ ತರದ ಯಂತ್ರದಲ್ಲಿ, ಬೇರೆ ಕಿಟ್ ಹಾಕಿ, ಸುಟ್ಟ ಕೂಲಿ ಹೆಂಗಸಿನ ಕಫ ಪರೀಕ್ಷೆ ಮಾಡಬಹುದು.

ಇನ್ನೊಂದು ಮಾತು. ಕೀಳು ಜಾತಿ ಅಂತ ಸಾವಿರಾರು ವರ್ಷ ನಮ್ಮನ್ನ ಊರಾಚೆ ಇಟ್ರಿ. ಅದಕ್ಕೆ ಜಾಗ ಸಿಕ್ಕಿತ್ತು. ಇವತ್ತು ಜೀವ ಉಳಿಸಲು ನಮ್ಮ ರೋಗಿಗೆ ಪ್ರತ್ಯೇಕ ಕೋಣೆ ಕೇಳಿದ್ರೆ ಜಾಗ ಇಲ್ಲೇನು?

371(ಜೆ) ಬಂದು ದಶಕ ದಾಟಿತು. 2024-25ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ಅಂದ್ರಿ. ಸರ್ಕಾರಕ್ಕೆ ನಮ್ಮ ಪ್ರಶ್ನೆ: ಜಿಲ್ಲೆಯಲ್ಲಿ ಸುಟ್ಟು ಸತ್ತವರಲ್ಲಿ ಎಷ್ಟು ಮಂದಿಗೆ ವೈರಸ್ ಪರೀಕ್ಷೆ ಆಯ್ತು? ಲೆಕ್ಕ ಹೊರಗೆ ಹಾಕ್ರಿ. ಉಸಿರಾಟ ಕೆಟ್ಟ ಪ್ರತಿ ಸುಟ್ಟ ರೋಗಿಗೆ ಪುಕ್ಕಟೆ ಪಿಸಿಆರ್ ಮಾಡ್ರಿ. ಪ್ರತ್ಯೇಕ ಕೋಣೆ ಕೊಡ್ರಿ. ಸಿಬ್ಬಂದಿಗೆ ವರ್ಷಾ ಫ್ಲೂ ಲಸಿಕೆ ಹಾಕ್ರಿ.

ಬಂಧುಗಳೇ, ನಮ್ಮ ಕೆಲಸವೂ ಅದ. ನೆಗಡಿ, ಕೆಮ್ಮು ಇದ್ದವರು ವಾರ್ಡಿಗೆ ಹೋಗಬೇಡ್ರಿ. ಹೋದವರು ಮಾಸ್ಕ್ ಹಾಕ್ರಿ, ಕೈ ತೊಳೀರಿ. ಡಾಕ್ಟರಿಗೆ ಕೈ ಮುಗಿದು ಸುಮ್ಮನಾಗಬೇಡ್ರಿ, "ವೈರಸ್ ಪರೀಕ್ಷೆ ಮಾಡೀರೇನ್ರಿ?" ಅಂತ ಬಾಯಿಬಿಟ್ಟು ಕೇಳ್ರಿ. ಕೇಳೋದು ನಿಮ್ಮ ಹಕ್ಕು.

ಶೇರ್ ಮಾಡ್ರಿ, ಕಮಲಾಪುರದ ಕೊನೆ ಓಣಿಗೂ ಮುಟ್ಟಲಿ. ಜೈ ಭೀಮ್.