ಕಾಯಿದೆಯು ಕೊಟ್ಟದ್ದು, ಕನ್ಯೆಯ ಕೈಗೆ ಮುಟ್ಟಿದ್ದು

ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಸರಕಾರವು ಏನೂ ಮಾಡುವದಿಲ್ಲವೆಂದು ದೂರುವ ಕಾಲವು ಕಳೆದುಹೋಯಿತು. ಇಂದು ದೂರಬೇಕಾದದ್ದು ಬೇರೆಯೇ ಇರುತ್ತದೆ. ಕಾಯಿದೆಗಳುಂಟು, ಯೋಜನೆಗಳುಂಟು, ದುಡ್ಡೂ ಉಂಟು. ಆದರೆ ಅಲಖನೂರಿನಂಥ ಊರಿನಲ್ಲಿ ಹತ್ತನೆಯ ಇಯತ್ತೆಯನ್ನು ಮುಗಿಸಿದ ಹುಡುಗಿಗೆ, ಮುಂದೆ ಯಾವ ಬಾಗಿಲನ್ನು ತಟ್ಟಬೇಕೆಂಬದನ್ನು ಹತ್ತಿರ ಕೂತು ಹೇಳುವವರು ಕಡಿಮೆ. ಈ ಸಂಗತಿಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರ ಹಾಗೂ ಪಾಲಕರ ವಿಚಾರಕ್ಕೆ ಇಡಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಮ್ಮ ಸೀಮೆಗೆ ಇಂಥ ಕಾಯಿದೆಯು ಹೊಸದಲ್ಲ. ರಾಯಬಾಗವು ಕೊಲ್ಹಾಪುರ ಸಂಸ್ಥಾನದ ಮಹಾಲಾಗಿದ್ದಾಗ, 1917ರಲ್ಲಿ, ಶಾಹೂ ಮಹಾರಾಜರು ಪ್ರಾಥಮಿಕ ಶಿಕ್ಷಣವನ್ನು ಸಕ್ತಿಯದನ್ನಾಗಿಯೂ ಪುಕ್ಕಟೆಯದನ್ನಾಗಿಯೂ ಮಾಡಿದರು. ಮಕ್ಕಳನ್ನು ಕಳಿಸದ ಪಾಲಕರಿಗೆ ದಂಡವನ್ನೂ ಗೊತ್ತುಪಡಿಸಿದರು. ಮುಂಬಯಿ ಇಲಾಖೆಯಲ್ಲಿ ವಿಠ್ಠಲಭಾಯಿ ಪಟೇಲರ ಮಸೂದೆಯು ಕಾಯಿದೆಯಾದದ್ದು ಮರುವರ್ಷ, 1918ರಲ್ಲಿ. ಆದರೆ ಮಹಾರಾಜರು ದಂಡದ ಆಜ್ಞೆಯೊಂದನ್ನೇ ನಂಬಿ ಕೂಡಲಿಲ್ಲವೆಂಬದು ಇಲ್ಲಿ ಗಮನಿಸತಕ್ಕ ಮಾತು. ಆ ಆಜ್ಞೆಗಿಂತ ಬಹಳ ಮುಂಚೆ, 1901ರಿಂದಲೇ, ಕೊಲ್ಹಾಪುರದಲ್ಲಿ ಬೇರೆ ಬೇರೆ ಸಮಾಜಗಳ ಮಕ್ಕಳಿಗಾಗಿ ವಸತಿಗೃಹಗಳು ಏಳತೊಡಗಿದ್ದವು. 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಸ್ಥಾಪಿತವಾಯಿತು. ಹಳ್ಳಿಯ ಮಗುವಿಗೆ ಶಾಲೆಯ ಬಾಗಿಲು ತೆರೆದರೆ ಸಾಲದು, ಉಣ್ಣಲು, ಉಳಿಯಲು, ತಿಳಿಯದ್ದನ್ನು ಕೇಳಲು ಒಂದು ನೆಲೆ ಬೇಕೆಂಬದನ್ನು ಆ ಅರಸರು ಬಲ್ಲವರಾಗಿದ್ದರು.

ಮಿಶನ್ನಿನವರೂ ಇದನ್ನೇ ಅರಿತಿದ್ದರು. 1820ರಲ್ಲಿ ಬೆಳಗಾವಿಗೆ ಲಂಡನ್ ಮಿಶನ್ನಿನ ಟೇಲರರು ಬಂದರು. 1837ರಲ್ಲಿ ಧಾರವಾಡಕ್ಕೆ ಬಾಸೆಲ್ ಮಿಶನ್ನಿನವರು ಬಂದರು. ಕನ್ಯಾಶಾಲೆಗಳನ್ನು ನಡೆಸಿದ ಬಾಯಿಯವರು ಗಂಟೆ ಬಾರಿಸಿ ಹುಡುಗಿಯರ ದಾರಿಯನ್ನು ಕಾಯುತ್ತ ಕೂಡಲಿಲ್ಲ. ಮನೆಗಳಿಗೆ ಹೋದರು, ತಾಯಂದಿರೊಡನೆ ಒಲೆಯ ಬದಿಯಲ್ಲಿ ಕೂತು ಮಾತಾಡಿದರು, ಅಜ್ಜಿಯರ ಬೈಗಳನ್ನೂ ತಿಂದರು. ಪಟಕ್ಕೆ ಹೆಸರು ಹಚ್ಚುವ ಕೆಲಸವೂ ಬುದ್ಧಿ ಹೇಳುವ ಕೆಲಸವೂ ಆಗ ಒಂದೇ ಆಗಿದ್ದವು.

ಈಗಿನ ಕಾಯಿದೆಗಳನ್ನು ನೋಡೋಣ. 2009ರಲ್ಲಿ ಅಂಗೀಕೃತವಾಗಿ 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳನ್ನು ಕಾಯುತ್ತದೆ. ಹದಿನಾಲ್ಕರ ಮೇಲೆ ಅದರ ಕೈ ಚಾಚುವದಿಲ್ಲ. ಬಾಲಕಾರ್ಮಿಕರ ಕಾಯಿದೆಯು, 2016ರಲ್ಲಿ ತಿದ್ದುಪಡಿಯಾದ ಮೇಲೂ, ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಉದ್ಯೋಗಗಳಿಂದ ಮಾತ್ರ ದೂರವಿಡುತ್ತದೆ. ಮದುವೆಗಾದರೋ ಹದಿನೆಂಟು ತುಂಬಲೇಬೇಕು. ನಮ್ಮ ರಾಜ್ಯದ 2016ರ ತಿದ್ದುಪಡಿಯ ಮೇರೆಗೆ ಅದಕ್ಕೂ ಮುಂಚಿನ ಮದುವೆಯು ಮೊದಲಿನಿಂದಲೇ ಅಸಿಂಧು. ಅಂದಮೇಲೆ ನಡುವಿನ ನಾಲ್ಕು ವರ್ಷಗಳಲ್ಲಿ ಹುಡುಗಿಯು ಸುಮ್ಮನೆ ಮನೆಯಲ್ಲಿ ಉಳಿದರೆ ಅವಳನ್ನು ಕಾಲೇಜಿಗೆ ಕರೆದೊಯ್ಯುವ ಕಾಯಿದೆಯು ಯಾವುದೂ ಇಲ್ಲ. ಆ ನಾಲ್ಕು ವರ್ಷಗಳೇ ಅವಳ ಮುಂದಿನ ನಾಲ್ವತ್ತು ವರ್ಷಗಳನ್ನು ಗೊತ್ತುಮಾಡುತ್ತವೆ.

ಆ ಅವಧಿಯಲ್ಲಿ ಸರಕಾರವು ಕೊಡುವದು ದುಡ್ಡು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ರೈತರ ಗಂಡುಮಕ್ಕಳಿಗೆ ಪದವಿಪೂರ್ವ ತರಗತಿಯಲ್ಲಿ ವರ್ಷಕ್ಕೆ 2,500 ರೂಪಾಯಿ, ಹೆಣ್ಣುಮಕ್ಕಳಿಗೆ 3,000; ಪದವಿಗೆ 5,000 ಮತ್ತು 5,500 ಎಂದು ಗೊತ್ತುಮಾಡಲಾಯಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳ ಬಸ್ಸಿನ ಖರ್ಚೂ ಉಳಿಯಿತು. ಇವು ಸಣ್ಣ ಸಹಾಯಗಳಲ್ಲ; ಮನಸಾರೆ ಮೆಚ್ಚುತ್ತೇವೆ. ಆದರೆ ಕೊಡುವ ಕೈಯೇ ಒಮ್ಮೊಮ್ಮೆ ಹಿಂದೆ ಸರಿಯುವದೂ ಉಂಟು. ಕ್ರೈಸ್ತರೇ ಮೊದಲಾದ ಅಲ್ಪಸಂಖ್ಯಾತರ ಮಕ್ಕಳಿಗೆ ಕೇಂದ್ರ ಸರಕಾರವು ಕೊಡುತ್ತಿದ್ದ ವಿದ್ಯಾರ್ಥಿವೇತನವನ್ನು 2022ರಲ್ಲಿ ಒಂದರಿಂದ ಎಂಟನೆಯ ಇಯತ್ತೆಗಳ ಮಟ್ಟಿಗೆ ನಿಲ್ಲಿಸಲಾಯಿತು. ಹಕ್ಕಿನ ಕಾಯಿದೆಯಿಂದಲೇ ಶಿಕ್ಷಣವು ಪುಕ್ಕಟೆಯಾಗಿರುವಾಗ ಇದು ಬೇಡವೆಂಬದೇ ಕಾರಣ. ಒಂದು ಕಾಯಿದೆಯ ಹೆಸರಿನಿಂದ ಇನ್ನೊಂದು ಆಸರೆಯು ತಪ್ಪಿತು.

ದುಡ್ಡು ಬರುವ ದಾರಿಯನ್ನೂ ನೋಡಬೇಕು. ಅರ್ಜಿಯು ಗಣಕಯಂತ್ರದ ಮೂಲಕವೇ ಹೋಗಬೇಕು. ಜಾತಿಯ ದಾಖಲೆ, ಆದಾಯದ ದಾಖಲೆ, ಆಧಾರಕ್ಕೆ ಜೋಡಿಸಿದ ಬ್ಯಾಂಕಿನ ಖಾತೆ, ಇವೆಲ್ಲ ಒಂದಕ್ಕೊಂದು ಹೊಂದಬೇಕು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನೊಡನೆ ಅಡ್ಡಹೆಸರಿದ್ದು ಆಧಾರದಲ್ಲಿ ಅದು ಇಲ್ಲದಿದ್ದರೆ ಯಂತ್ರವು ಇವರಿಬ್ಬರೂ ಬೇರೆ ಬೇರೆ ಹುಡುಗಿಯರೆಂದು ತಿಳಿಯುತ್ತದೆ! ಮೇಲಾಗಿ ಖಾತ್ರಿಯ ಗುಪ್ತ ಸಂಖ್ಯೆಯು ಬರುವದು ತಂದೆಯ ಮೊಬೈಲಿಗೆ. ತಂದೆಯು ಕಬ್ಬು ಕಡಿಯುವ ತಂಡದೊಡನೆ ದೂರ ಹೋಗಿದ್ದರೆ ಮೊಬೈಲೂ ಅವನ ಸಂಗಡವೇ ಹೋಗಿರುತ್ತದೆ. ಪದವಿ ಕಾಲೇಜುಗಳ ಪ್ರವೇಶವೂ 2021ರಿಂದ ಇಡೀ ರಾಜ್ಯಕ್ಕೆ ಒಂದೇ ಗಣಕ ವ್ಯವಸ್ಥೆಯೊಳಗೆ ಸೇರಿತು. ಇದರಿಂದ ವಶೀಲಿಯ ಕಾಟವು ಕಡಿಮೆಯಾಗುವದೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಪ್ರವೇಶದ ಕಚೇರಿಯು ಕಾಗದ ಹೊಂದಿಸುವ ಕಟ್ಟೆಯಾಯಿತು, ಅಲ್ಲಿಯ ಗುಮಾಸ್ತರು "ಯಾವ ದಾಖಲೆ ಇಲ್ಲ?" ಎಂದು ಕೇಳುವರೇ ಹೊರತು "ಏನಾಗಬೇಕೆಂದಿರುವೆ, ತಂಗಿ?" ಎಂದು ಕೇಳಲು ಅವರಿಗೆ ಪುರಸೊತ್ತಿಲ್ಲ.

ಅರ್ಜಿ ತುಂಬಲು ಪೇಟೆಯಲ್ಲಿ ಅಂಗಡಿಗಳಿವೆಯಲ್ಲ ಎನ್ನುವವರುಂಟು. ಅಂಗಡಿಯವನು ಅರ್ಜಿಯನ್ನು ತುಂಬಿಯಾನು, ಬುದ್ಧಿಯನ್ನು ಹೇಳಲಾರನು. ಒಂದೇ ಉದಾಹರಣೆ ಸಾಕು. ಮಿರಜಿನಲ್ಲಿ ಡಾಕ್ಟರ್ ವ್ಯಾನ್ಲೆಸ್ಸರು 1894ರಲ್ಲಿ ದವಾಖಾನೆಯನ್ನು ಕಟ್ಟಿದ ದಿನಗಳಿಂದ ಶುಶ್ರೂಷೆಯ ಉದ್ಯೋಗವೆಂದರೆ ಈ ಭಾಗದ ನಮ್ಮ ಸಮಾಜದ ಮನೆಗಳಿಗೆ ಪರಿಚಿತವಾದದ್ದು. ಆದರೆ ನೇರವಾಗಿ ನರ್ಸಿಂಗ್ ಪದವಿಗೆ ಹೋಗಬೇಕಾದರೆ ಪದವಿಪೂರ್ವದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಲೇಬೇಕು. ಹತ್ತಿರದ ಕಾಲೇಜಿನಲ್ಲಿ ಕಲಾ ವಿಭಾಗವೊಂದೇ ಇದೆಯೆಂದು ಅಲ್ಲಿ ಹೆಸರು ಹಚ್ಚಿದವಳಿಗೆ ಡಿಪ್ಲೊಮಾದ ದಾರಿ ಉಳಿದೀತು; ಪದವಿಯ ನೇರ ಬಾಗಿಲು ಹದಿನಾರನೆಯ ವಯಸ್ಸಿಗೇ ಮುಚ್ಚಿರುತ್ತದೆ. ಅವಳ ಅರ್ಜಿಯಲ್ಲಿ ಒಂದು ತಪ್ಪೂ ಇರುವದಿಲ್ಲ.

ಹೊರದೇಶದ ಒಂದು ಸಂಗತಿಯನ್ನು ಹೇಳುವದು ಇಲ್ಲಿ ಉಚಿತವಾದೀತು. ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಬಡವರೂ ದುಡಿಯುವವರೂ ಹೆಚ್ಚಾಗಿ ಸೇರುವ ಸಮುದಾಯ ಕಾಲೇಜುಗಳ ಸಲುವಾಗಿ 2012ರಲ್ಲಿ ಒಂದು ಕಾಯಿದೆಯಾಯಿತು. ಹೊಸದಾಗಿ ಸೇರುವ ವಿದ್ಯಾರ್ಥಿಗೆ ಕಾಲೇಜಿನ ಪರಿಚಯ, ಸಲಹೆಗಾರರ ಭೆಟ್ಟಿ, ಯಾವ ವಿಷಯವನ್ನು ಯಾವಾಗ ಓದಬೇಕೆಂಬ ಬರಹದ ಯೋಜನೆ, ಇವನ್ನು ಕಾಯಿದೆಯೊಳಗೇ ಸೇರಿಸಿ, ಅದಕ್ಕಾಗಿಯೇ ಕಾಲೇಜುಗಳಿಗೆ ಹಣವನ್ನು ಕೊಡುವಂತೆ ಮಾಡಿದರು. ಆ ನಾಡಿನ ಎಲ್ಲವನ್ನೂ ಹೊಗಳುವವರು ನಾವಲ್ಲ; ಅಲ್ಲಿಯೂ ಅರ್ಧದಲ್ಲಿ ಬಿಡುವವರು ಬಹಳ ಜನ. ಆದರೂ ಸಲಹೆಯೆಂಬದು ಗುರುಗಳ ಪುರಸೊತ್ತಿಗೆ ಬಿಟ್ಟ ಉಪಕಾರವಲ್ಲ, ವಿದ್ಯಾರ್ಥಿಗೆ ಸಲ್ಲತಕ್ಕ ಬಾಕಿ ಎಂಬ ತತ್ವವು ನಮಗೆ ಒಪ್ಪಿಗೆಯಾದದ್ದು. ನಮ್ಮ ರಾಜ್ಯದ ಪ್ರತಿಯೊಂದು ಪದವಿಪೂರ್ವ ಕಾಲೇಜಿಗೂ ಇದೇ ಕೆಲಸಕ್ಕೆಂದು ಒಬ್ಬ ಸಲಹೆಗಾರ್ತಿಯನ್ನು ಪಗಾರ ಕೊಟ್ಟು ನೇಮಿಸುವಂತೆ ಕಾಯಿದೆಯಾಗಬೇಕೆಂಬದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಅಲ್ಪಸಂಖ್ಯಾತರ ಶಾಲೆಗಳಿಗೆ ಹಕ್ಕಿನ ಕಾಯಿದೆಯು ಹತ್ತುವದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಆ ವಿನಾಯತಿಯ ಮರೆಯಲ್ಲಿ ಕೂಡುವದು ಮಿಶನ್ ಶಾಲೆಗೆ ಶೋಭಿಸದು. ಬೇರೆಯವರಿಗೆ ಕಾಯಿದೆಯು ಹೇಳಿ ಮಾಡಿಸಿದ್ದನ್ನು ನಾವು ಹೇಳಿಸಿಕೊಳ್ಳದೆ ಮಾಡಬೇಡವೇ?

ಪೂರ್ವವಿದ್ಯಾರ್ಥಿನಿಯರಲ್ಲಿ ನರ್ಸುಗಳಿದ್ದೀರಿ, ಶಿಕ್ಷಕಿಯರಿದ್ದೀರಿ, ಬ್ಯಾಂಕಿನಲ್ಲಿಯೂ ಕಚೇರಿಯಲ್ಲಿಯೂ ಇರುವವರಿದ್ದೀರಿ. ಹತ್ತನೆಯ ಇಯತ್ತೆಯ ಫಲಿತಾಂಶವು ಬಂದ ವಾರದಲ್ಲಿ ನಿಮ್ಮ ನಿಮ್ಮ ಊರಿನ ಹುಡುಗಿಯರೊಡನೆ ಒಂದು ಮಧ್ಯಾಹ್ನ ಕೂಡಿರಿ. ಅಲಖನೂರು, ರಾಯಬಾಗ, ಚಿಕ್ಕೋಡಿ, ಅಥಣಿ, ಯಾವ ಊರಾದರೂ ಸರಿ. ಪಾಲಕರಲ್ಲಿ ನಮ್ಮ ಬಿನ್ನಹವು ಇನ್ನೂ ಸಣ್ಣದು. ಮಗಳು ಎಂಟನೆಯ ಇಯತ್ತೆಯಲ್ಲಿರುವಾಗಲೇ ಎಲ್ಲ ದಾಖಲೆಗಳಲ್ಲಿ ಅವಳ ಹೆಸರು ಒಂದೇ ರೀತಿ ಇದೆಯೋ ನೋಡಿರಿ. ಸುಗ್ಗಿಗೆ ಹೊರಡುವಾಗ ಆಧಾರಕ್ಕೆ ಜೋಡಿಸಿದ ಮೊಬೈಲನ್ನು ಅವಳ ತಾಯಿಯ ಕೈಯಲ್ಲಿ ಬಿಟ್ಟುಹೋಗಿರಿ.