ಕಡಲಿಗೆ ಬೇಲಿ ಹಾಕಬಹುದೇ?

2025ರ ನವೆಂಬರ್ 13ರಂದು ಅಮೆರಿಕದ ಬ್ಲೂ ಆರಿಜಿನ್ ಸಂಸ್ಥೆಯ ‘ನ್ಯೂ ಗ್ಲೆನ್’ ರಾಕೆಟ್ಟಿನ ಬೂಸ್ಟರ್, ಅಂದರೆ ತಳದ ಹಂತ, ತನ್ನ ಹೊರೆಯನ್ನು ಮೇಲಕ್ಕೆ ದಾಟಿಸಿ ಹಿಂದಿರುಗಿ ಬಂದು, ಅಟ್ಲಾಂಟಿಕ್ ಸಾಗರದಲ್ಲಿ ಕಾದು ನಿಂತಿದ್ದ ‘ಜಾಕ್ಲಿನ್’ ಎಂಬ ಹಡಗಿನ ಮೇಲೆ ನೆಟ್ಟಗೆ ನಿಂತಿತು. ಮಂಗಳ ಗ್ರಹದ ಅಧ್ಯಯನಕ್ಕಾಗಿ ನಾಸಾದ ಎರಡು ಪುಟ್ಟ ನೌಕೆಗಳನ್ನು ಕಳಿಸಿದ ಯಾನವದು. ಸಂತೋಷದ ಸಂಗತಿಯೇ. ಆದರೆ ಅದಾದ ಕೆಲವು ದಿನಗಳಲ್ಲಿ, ಹೊರದೇಶದಲ್ಲಿ ಪೇಟೆಂಟ್ ಕಾನೂನಿನ ವೃತ್ತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದ: “ಮೇಷ್ಟ್ರೇ, ಕಡಲ ಮೇಲೆ ರಾಕೆಟ್ ಇಳಿಸುವ ಯೋಚನೆಗೆ ಪೇಟೆಂಟ್ ಪಡೆದವರು ಮೂಲತಃ ಇವರೇ. 2015ರಲ್ಲಿ ಅದನ್ನು ಇವರ ಕೈತಪ್ಪಿಸಿದ್ದು ಅನ್ಯಾಯ. ಯೋಚಿಸಿದವನಿಗೆ ಒಡೆತನವಿಲ್ಲವೆಂದರೆ ಇನ್ನು ಮುಂದೆ ಯಾರು ತಾನೇ ಯೋಚಿಸುತ್ತಾರೆ?”

ಆ ಹುಡುಗನ ಮೇಲಿನ ನನ್ನ ಅಕ್ಕರೆಗೆ ಕುಂದಿಲ್ಲ. ಆದರೆ ಈ ಮಾತನ್ನು ನಾನು ಒಪ್ಪಲಾರೆ. ಇದು ವಿದ್ಯೆಗೇ ಮುಳುವಾಗುವ ಮಾತು. ನನ್ನ ಕೈಯಲ್ಲಿ ಪಾಠ ಕೇಳಿದ ಎಷ್ಟೋ ಮಂದಿ ಇಂದು ಪ್ರಯೋಗಾಲಯಗಳಲ್ಲಿಯೂ ಕಂಪನಿಗಳಲ್ಲಿಯೂ ಇದ್ದಾರೆ. ಅವರೆಲ್ಲರೂ ಓದಲೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು, ಕಡಲೇ ಏಕೆ ಎಂಬುದನ್ನು ತಿಳಿದುಕೊಳ್ಳೋಣ. ಫ್ಲಾರಿಡಾದ ಕರಾವಳಿಯಿಂದ ರಾಕೆಟ್ಟುಗಳು ಸಾಮಾನ್ಯವಾಗಿ ಪೂರ್ವದತ್ತ, ಸಾಗರದ ಮೇಲೆ ಹಾರುತ್ತವೆ. ಭೂಮಿ ಪೂರ್ವಾಭಿಮುಖವಾಗಿ ತಿರುಗುವುದರಿಂದ ಆ ವೇಗದ ನೆರವು ಸಿಗುತ್ತದೆ. ಕಳಚಿದ ಭಾಗಗಳು ಜನವಸತಿಯ ಮೇಲೆ ಬೀಳುವ ಭಯವೂ ಇಲ್ಲ. ಸ್ಪೇಸ್‌ಎಕ್ಸ್ ಸಂಸ್ಥೆಯ ಫಾಲ್ಕನ್ 9 ರಾಕೆಟ್ಟನ್ನೇ ತೆಗೆದುಕೊಂಡರೆ, ಬೂಸ್ಟರ್ ಕಳಚಿಕೊಳ್ಳುವುದು ನೆಲದಿಂದ ಸುಮಾರು 65-70 ಕಿಲೋಮೀಟರ್ ಎತ್ತರದಲ್ಲಿ. ಆಗ ಅದರ ವೇಗ ಗಂಟೆಗೆ ಆರು ಸಾವಿರ ಕಿಲೋಮೀಟರಿಗೂ ಮಿಗಿಲು. ಅದನ್ನು ಹೊರಟ ನೆಲಕ್ಕೇ ಮರಳಿಸಬೇಕಾದರೆ ಆ ವೇಗವನ್ನೆಲ್ಲ ಕೊಂದು, ದಿಕ್ಕು ತಿರುಗಿಸಿ, ಹಿಂದಕ್ಕೆ ಓಡಿಸಬೇಕು. ಅಷ್ಟು ಇಂಧನವನ್ನು ಅದಕ್ಕೆಂದೇ ಉಳಿಸಿಕೊಂಡರೆ, ಮೇಲೆ ಒಯ್ಯಬಹುದಾದ ಹೊರೆ ಅಷ್ಟು ಕಡಿಮೆಯಾಗುತ್ತದೆ. ಅದರ ಬದಲು, ಬೂಸ್ಟರ್ ಸಹಜವಾಗಿ ಎಲ್ಲಿ ಬೀಳುವುದೋ ಅಲ್ಲಿಗೇ, ತೀರದಿಂದ ನೂರಾರು ಕಿಲೋಮೀಟರ್ ದೂರಕ್ಕೆ, ಒಂದು ಹಡಗನ್ನು ಕಳಿಸಿದರೆ ಇಂಧನ ಉಳಿಯುತ್ತದೆ. ಭಾರವಾದ ಉಪಗ್ರಹಗಳನ್ನು ದೂರದ ಕಕ್ಷೆಗೆ ಒಯ್ಯುವಾಗ ಬೂಸ್ಟರನ್ನು ಉಳಿಸಿಕೊಳ್ಳಲು ಇದೊಂದೇ ದಾರಿ.

ಇದು ಯಾರಿಗೂ ಹೊಳೆಯದ ವಿಸ್ಮಯವಲ್ಲ. ಲೆಕ್ಕ ಬಿಡಿಸಿದವರೆಲ್ಲರೂ ತಲುಪುವ ಉತ್ತರ. ತರಗತಿಯಲ್ಲಿ ಮೊದಲು ಕೈಯೆತ್ತಿದ ಹುಡುಗನಿಗೆ “ಶಹಬ್ಬಾಸ್” ಎನ್ನಬಹುದು. ಆದರೆ “ಈ ಉತ್ತರ ಇನ್ನು ನಿನ್ನ ಸ್ವತ್ತು, ಉಳಿದವರು ಇಪ್ಪತ್ತು ವರ್ಷ ಇದನ್ನು ಬರೆಯಕೂಡದು” ಎಂದು ಯಾವ ಉಪಾಧ್ಯಾಯನೂ ಹೇಳಲಾರ.

ಅಮೆರಿಕದ ಪೇಟೆಂಟ್ ಕಚೇರಿ ಹೇಳಿದ್ದು ಹೆಚ್ಚುಕಡಿಮೆ ಅದನ್ನೇ. ಬ್ಲೂ ಆರಿಜಿನ್ 2010ರಲ್ಲಿ ಸಲ್ಲಿಸಿದ ಅರ್ಜಿಗೆ 2014ರ ಮಾರ್ಚಿಯಲ್ಲಿ ಪೇಟೆಂಟ್ ದೊರೆಯಿತು. ಸಂಸ್ಥೆಯ ಒಡೆಯ ಜೆಫ್ ಬೆಜೋಸ್ ಅವರ ಹೆಸರೂ ಅದರ ಶೋಧಕರ ಪಟ್ಟಿಯಲ್ಲಿದೆ. ಅದರ ಸಾರ ಇಷ್ಟು: ರಾಕೆಟ್ ಮೂತಿ ಮೇಲಾಗಿ ಹಾರಬೇಕು, ಎಂಜಿನ್ ಆರಬೇಕು, ಬೂಸ್ಟರ್ ತಿರುಗಿ ಬುಡ ಮುಂದಾಗಿ ಇಳಿಯಬೇಕು, ನೀರಿನ ಮೇಲೆ ಒಂದು ವೇದಿಕೆಯಿರಬೇಕು, ಎಂಜಿನ್ ಮತ್ತೆ ಹೊತ್ತಿ ವೇಗ ತಗ್ಗಿ ಅದರ ಮೇಲೆ ನಿಲ್ಲಬೇಕು. ಈ ಕ್ರಮವನ್ನು ಅಮೆರಿಕದಲ್ಲಿ ಯಾರೇ ಅನುಸರಿಸುವುದಾದರೂ ಪೇಟೆಂಟ್ ಹೊಂದಿದವರ ಅಪ್ಪಣೆ ಬೇಕು! ಆ ಹೊತ್ತಿಗೆ ಅವರು ಕಡಲ ಮೇಲೆ ಏನನ್ನಾದರೂ ಇಳಿಸಿದ್ದರೇ? ಇಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ನಾವು ಬಲ್ಲೆವು. ಇಲ್ಲಿ ಕುಲಾವಿ ಹೊಲಿಸಿದ್ದಷ್ಟೇ ಅಲ್ಲ, ಊರಿನಲ್ಲಿ ಬೇರೆ ಯಾರ ಮನೆಯಲ್ಲಿಯೂ ಕೂಸು ಹುಟ್ಟಕೂಡದೆಂದು ಡಂಗುರ ಸಾರಿದಂತಾಯಿತು.

ಸ್ಪೇಸ್‌ಎಕ್ಸ್ 2014ರ ಆಗಸ್ಟಿನಲ್ಲಿ ಈ ಪೇಟೆಂಟನ್ನು ಪ್ರಶ್ನಿಸಿತು. ಅದು ಮುಂದಿಟ್ಟ ಸಾಕ್ಷ್ಯಗಳಲ್ಲಿ ಮುಖ್ಯವಾದದ್ದು ಜಪಾನಿನ ಯೋಶಿಯುಕಿ ಇಷಿಜಿಮಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಎರಡು ಹಂತದ ರಾಕೆಟ್ಟಿನ ಮೊದಲ ಹಂತವು ಕಡಲಿನ ವೇದಿಕೆಯೊಂದರ ಮೇಲೆ ನೆಟ್ಟಗೆ ಇಳಿಯುವ ಬಗೆಯನ್ನು ಅವರು ಅದಾಗಲೇ ವಿವರಿಸಿದ್ದರು. 2015ರಲ್ಲಿ, ವಿಚಾರಣೆ ಮುಗಿಯುವ ಮೊದಲೇ, ಬ್ಲೂ ಆರಿಜಿನ್ ತಾನಾಗಿಯೇ ಕೇಳಿಕೊಂಡು 15 ಹಕ್ಕುಕೋರಿಕೆಗಳ ಪೈಕಿ 13ನ್ನು ರದ್ದು ಮಾಡಿಸಿಕೊಂಡಿತು. ಹೀಗಿರುವಾಗ ಕೈತಪ್ಪಿಸಿದರು ಎಂಬ ಮಾತಿಗೆ ಅರ್ಥವೇನು? ತನ್ನದಲ್ಲದ್ದನ್ನು ಕೆಳಗಿಟ್ಟರು ಎನ್ನುವುದು ಸರಿಯಾದ ಮಾತು.

ನಮಗೆ ಈ ಕಥೆ ಹೊಸದಲ್ಲ. ಮಗು ಎಡವಿ ಮಂಡಿ ತರಚಿಕೊಂಡರೆ ಅಡುಗೆಮನೆಯಿಂದ ಅರಿಶಿನ ತಂದು ಒತ್ತುವುದು ನಮ್ಮಲ್ಲಿ ಯಾವ ಅಜ್ಜಿಗೆ ಗೊತ್ತಿಲ್ಲ? ಆದರೂ ಗಾಯ ಮಾಯಿಸಲು ಅರಿಶಿನವನ್ನು ಬಳಸುವ ಕ್ರಮಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಗಮನಿಸಬೇಕಾದ ಅಂಶವೆಂದರೆ, ಅಲ್ಲಿನ ಅಂದಿನ ಕಾನೂನಿನ ಪ್ರಕಾರ ಬೇರೆ ದೇಶದಲ್ಲಿ ಬರಿಯ ಬಳಕೆಯಲ್ಲಿದ್ದದ್ದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಮುದ್ರಿತ ಸಾಕ್ಷ್ಯ ಬೇಕಾಗಿತ್ತು. ಕೋಟ್ಯಂತರ ಅಜ್ಜಿಯರ ಮಾತು ನಿಲ್ಲದ ಕಡೆ, ಸಂಸ್ಕೃತ ಗ್ರಂಥಗಳ ಜೊತೆಗೆ 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾದ ಒಂದು ಲೇಖನ ನಿಂತಿತು. ಅರಿಶಿನಕ್ಕೆ 1953ರ ಆ ಲೇಖನ ಹೇಗೋ ಕಡಲ ಹಡಗಿಗೆ 1998ರ ಜಪಾನೀಯರ ಪ್ರಬಂಧ ಹಾಗೆ. ಬೇಲಿ ಕಿತ್ತದ್ದು ವಕೀಲರಲ್ಲ. ಎಂದೋ ಯಾರೋ ತಿಳಿದದ್ದನ್ನು ಬರೆದು, ಹೆಸರು ಹಾಕಿ, ಲೋಕಕ್ಕೆ ಕೊಟ್ಟ ಆ ಹಾಳೆಗಳು.

“ಹಾಗಾದರೆ ಶ್ರಮಕ್ಕೆ ಬೆಲೆ ಬೇಡವೇ?” ಎಂದು ಕೇಳುವಿರಿ. ಬೇಕು. ಆದರೆ ಶ್ರಮ ಎಲ್ಲಿತ್ತು ಎಂಬುದನ್ನು ನೋಡಿ ಬೆಲೆ ಕಟ್ಟಬೇಕು. ಫಾಲ್ಕನ್ ಬೂಸ್ಟರ್ ಹದಿನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅದು ಇಳಿಯುವ ಹಡಗಿನ ಅಟ್ಟ ಸುಮಾರು 90 ಮೀಟರ್ ಉದ್ದ, 50 ಮೀಟರ್ ಅಗಲ. ಇಳಿಯುವ ಹೊತ್ತಿನಲ್ಲಿ ಹಡಗಿನ ಮೇಲೆ ನರಪಿಳ್ಳೆಯಿರುವುದಿಲ್ಲ. ಉಪಗ್ರಹ ಸಂಕೇತಗಳನ್ನು ನೋಡಿಕೊಂಡು ತನ್ನ ಯಂತ್ರಗಳಿಂದಲೇ ಅಲೆಗಳ ನಡುವೆ ಒಂದೇ ಠಾವಿನಲ್ಲಿ ನಿಲ್ಲುತ್ತದೆ. ಇಂಧನ ತೀರಿ ಹಗುರಾದ ಬೂಸ್ಟರಿಗೆ ಒಂಬತ್ತು ಎಂಜಿನ್‌ಗಳಲ್ಲಿ ಒಂದನ್ನೇ, ಅದೂ ಅತಿ ಕಡಿಮೆ ಬಲದಲ್ಲಿ, ಉರಿಸಿದರೂ ನೂಕು ಅದರ ತೂಕಕ್ಕಿಂತ ಹೆಚ್ಚು. ಅಂದರೆ ಗಾಳಿಯಲ್ಲಿ ಸ್ವಲ್ಪ ಹೊತ್ತು ತಂಗಿ, ಜಾಗ ನೋಡಿ ಇಳಿಯುವಂತಿಲ್ಲ. ಅಟ್ಟವನ್ನು ಮುಟ್ಟುವ ಗಳಿಗೆಯೂ ವೇಗ ಸೊನ್ನೆಯಾಗುವ ಗಳಿಗೆಯೂ ಒಂದೇ ಆಗಬೇಕು. ಮೊದಲೇ ಸೊನ್ನೆಯಾದರೆ ಮತ್ತೆ ಮೇಲೇರುತ್ತದೆ, ತಡವಾದರೆ ಅಪ್ಪಳಿಸುತ್ತದೆ.

ಈ ಗಳಿಗೆಯನ್ನು ಸಾಧಿಸಲು ಪಟ್ಟ ಪಾಡು ಎಲ್ಲರಿಗೂ ಗೊತ್ತಿರುವುದೇ. 2015ರ ಜನವರಿಯಲ್ಲಿ, ದಿಕ್ಕು ತಿದ್ದುವ ರೆಕ್ಕೆಗಳನ್ನು ಆಡಿಸುವ ದ್ರವ ಮುಗಿದುಹೋಗಿ ಬೂಸ್ಟರ್ ಓರೆಯಾಗಿ ಹಡಗಿಗೆ ಬಡಿಯಿತು. ಏಪ್ರಿಲ್‌ನಲ್ಲಿ, ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಕವಾಟ ತಡವಾಗಿ ಸ್ಪಂದಿಸಿ ಉರುಳಿತು. 2016ರ ಜನವರಿಯಲ್ಲಿ ಚೆನ್ನಾಗಿಯೇ ಇಳಿದರೂ ಒಂದು ಕಾಲಿನ ಕೀಲು ಭದ್ರವಾಗಿ ಕೂರದೆ ಮಗುಚಿ ಸಿಡಿಯಿತು. ಮಾರ್ಚಿಯಲ್ಲಿ ಮತ್ತೆ ಅಪ್ಪಳಿಸಿತು. ಏಪ್ರಿಲ್ 8ರಂದು ನಿಂತಿತು! ಅದೇ ಬೂಸ್ಟರ್ 2017ರ ಮಾರ್ಚ್ 30ರಂದು ಮತ್ತೊಮ್ಮೆ ಹಾರಿ ಮತ್ತೆ ಹಡಗಿನ ಮೇಲೆ ಇಳಿಯಿತು. ಈಗ ಒಂದೇ ಬೂಸ್ಟರ್ 30ಕ್ಕೂ ಹೆಚ್ಚು ಬಾರಿ ಹಾರಿದ ಉದಾಹರಣೆಯಿದೆ. ಅಂದ ಹಾಗೆ, ಈ ಹಡಗುಗಳಲ್ಲೊಂದಕ್ಕೆ ‘ಸೂಚನೆಗಳನ್ನು ಓದಿಕೊಂಡರೆ ಸಾಕು’ ಎಂಬರ್ಥದ ಹೆಸರಿದೆ. ಪರೀಕ್ಷೆಯ ಕೊಠಡಿಯಲ್ಲಿ ನಾನು ಎಷ್ಟೋ ಸಲ ಹೇಳಿದ ಮಾತದು. ಆದರೆ ಇಲ್ಲಿ ಸೂಚನೆಗಳನ್ನು ಓದಿದ್ದರಿಂದ ಯಾವ ರಾಕೆಟ್ಟೂ ಇಳಿಯಲಿಲ್ಲ. ಪೇಟೆಂಟ್ ಬರೆದವರಿಗೇ ಕಾಗದದಿಂದ ಹಡಗಿಗೆ ಬರಲು ಹದಿನೈದು ವರ್ಷ ಹಿಡಿಯಿತು. 2025ರ ಜನವರಿಯ ಅವರ ಮೊದಲ ಬೂಸ್ಟರ್ ಹಡಗನ್ನು ತಲುಪಲೇ ಇಲ್ಲ. ಆ ಪೇಟೆಂಟ್ ಪೂರ್ತಿಯಾಗಿ ಉಳಿದಿದ್ದರೆ ಅದರ ಅವಧಿ 2030ರವರೆಗೆ. ಅಲ್ಲಿಯತನಕ ಉಳಿದವರು ಪ್ರತಿಸ್ಪರ್ಧಿಯ ಬಾಗಿಲಲ್ಲಿ ಪರವಾನಗಿಗಾಗಿ ಕೈಕಟ್ಟಿ ನಿಲ್ಲಬೇಕಿತ್ತು.

ಹಾಗೆಂದು ಗೆದ್ದವರನ್ನು ನಾನು ಪಲ್ಲಕ್ಕಿಯಲ್ಲಿ ಹೊರುವವನಲ್ಲ. ಇದನ್ನು ಒಬ್ಬ ಮಹಾಪುರುಷನ ಪವಾಡವೆಂದು ಕೊಂಡಾಡುವವರೂ ಇದ್ದಾರೆ. ಅವರಿಗೆ ಎರಡು ಮಾತು. ಮೊದಲನೆಯದು: 2015ರ ಜನವರಿಯ ಆ ರಾಕೆಟ್ ಹಾರಿದ್ದು ನಾಸಾ ಹಣ ತೆತ್ತ ಸರಕು ಸಾಗಣೆಗಾಗಿ. ಕೆಲಸ ಮುಗಿಸಿ ಬೀಳಲಿದ್ದ ಬೂಸ್ಟರನ್ನು ಪ್ರಯೋಗಕ್ಕೆ ಬಳಸಿಕೊಂಡರು. ಬುಡ ಮುಂದಾಗಿ ನೆಟ್ಟಗೆ ಇಳಿಯುವ ಡಿಸಿ-ಎಕ್ಸ್ ಎಂಬ ಪ್ರಾಯೋಗಿಕ ರಾಕೆಟ್ 1993ರಲ್ಲಿಯೇ ಸರ್ಕಾರಿ ಹಣದಲ್ಲಿ ಹಾರಿ ಇಳಿದಿತ್ತು. ಕಡಿಮೆ ಇಂಧನದಲ್ಲಿ ಗುರಿಯ ಮೇಲೆಯೇ ಇಳಿಯುವ ಗಣಿತವನ್ನು ಮಂಗಳ ಗ್ರಹದ ಸಲುವಾಗಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಬೆಹ್ಚೆಟ್ ಅಚಿಕ್ಮೆಶೆ, ಲಾರ್ಸ್ ಬ್ಲ್ಯಾಕ್‌ಮೋರ್ ಮುಂತಾದವರು ಬೆಳೆಸಿ, ಯಾರು ಬೇಕಾದರೂ ಓದುವಂತೆ ಪ್ರಕಟಿಸಿದ್ದರು. ಬ್ಲ್ಯಾಕ್‌ಮೋರ್ ಮುಂದೆ ಸ್ಪೇಸ್‌ಎಕ್ಸ್ ಸೇರಿ ಈ ಇಳಿಯುವಿಕೆಗೇ ದುಡಿದರು. ಅನೇಕರು ತುಂಬಿದ ಕಣಜದಿಂದ ಉಂಡವರು ‘ಎಲ್ಲವೂ ನನ್ನ ಬೆಳೆ’ ಎನ್ನಬಾರದು.

ಎರಡನೆಯದು: ಸ್ಪೇಸ್‌ಎಕ್ಸ್ ಮುಖ್ಯಸ್ಥ ಎಲಾನ್ ಮಸ್ಕ್ 2012ರ ಸಂದರ್ಶನವೊಂದರಲ್ಲಿ, ತಮ್ಮಲ್ಲಿ ಪೇಟೆಂಟುಗಳು ಇಲ್ಲವೇ ಇಲ್ಲವೆನ್ನಬಹುದು, ಪ್ರಕಟಿಸಿದರೆ ಚೀನೀಯರು ನೋಡಿ ಮಾಡಿಯಾರು ಎಂದಿದ್ದರು. ಇದು ಔದಾರ್ಯವಲ್ಲ, ಬೇಲಿಯ ಬದಲು ಬೀಗ. ಒಬ್ಬರು ಬಯಲಿಗೆ ಬೇಲಿ ಹಾಕಿದರೆ ಇನ್ನೊಬ್ಬರು ಉಗ್ರಾಣಕ್ಕೆ ಬೀಗ ಹಾಕಿದರು. ಆದರೂ ಅವರು ಮಾಡಿದ ಒಂದು ಕೆಲಸವನ್ನು ಮೆಚ್ಚಲೇಬೇಕು: 2017ರಲ್ಲಿ ತಮ್ಮ ಬೂಸ್ಟರುಗಳು ಉರುಳಿ ಸಿಡಿದ ದೃಶ್ಯಗಳನ್ನೆಲ್ಲ ಒಟ್ಟುಗೂಡಿಸಿ ಜಗತ್ತಿಗೆ ತೋರಿಸಿದರು. ತಪ್ಪಾದ ಲೆಕ್ಕವನ್ನು ಕರಿಹಲಗೆಯ ಮೇಲೆ ಅಳಿಸದೆ ಬಿಡುವವನಿಂದ ತರಗತಿಗೆ ಆಗುವ ಉಪಕಾರ ದೊಡ್ಡದು.

ಇನ್ನು ನಮ್ಮ ವಿಷಯ. ಇಸ್ರೋದ ‘ಪುಷ್ಪಕ್’ ಎಂಬ ರೆಕ್ಕೆಯುಳ್ಳ ಮರುಬಳಕೆಯ ವಾಹನ 2023 ಮತ್ತು 2024ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ಓಡುಹಾದಿಯ ಮೇಲೆ ಮೂರು ಬಾರಿ ತಾನಾಗಿಯೇ ಇಳಿಯಿತು. ಅದರ ಬಗೆ ಬೇರೆ. ಆದರೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಗಳ ಅನುಮೋದನೆ ನೀಡಿದ ಮುಂದಿನ ತಲೆಮಾರಿನ ರಾಕೆಟ್ಟಿನ ಮೊದಲ ಹಂತ ಮರುಬಳಕೆಯದು. ಶ್ರೀಹರಿಕೋಟೆಯ ಪೂರ್ವಕ್ಕಿರುವುದೂ ಸಾಗರವೇ. ಫ್ಲಾರಿಡಾದ ಲೆಕ್ಕ ಬಂಗಾಳ ಕೊಲ್ಲಿಗೂ ಸಲ್ಲುತ್ತದೆ. ಅಮೆರಿಕದ ಪೇಟೆಂಟ್ ಅಮೆರಿಕದ ಎಲ್ಲೆಯೊಳಗೆ ಮಾತ್ರ ನಡೆಯುವುದು ನಿಜ. ಆದರೆ ಬೇಲಿ ಹಾಕುವ ಬುದ್ಧಿಗೆ ಎಲ್ಲೆಯಿಲ್ಲ. ಅದು ನಮ್ಮಲ್ಲಿಯೂ ಬೇರೂರುತ್ತಿದೆ. ಮಾಡಿದ್ದನ್ನು ಬಿಟ್ಟು ಅಂದುಕೊಂಡದ್ದನ್ನೆಲ್ಲ ನೋಂದಾಯಿಸುವುದೇ, ಪೇಟೆಂಟುಗಳ ಸಂಖ್ಯೆಯನ್ನು ಎಣಿಸುವುದೇ ವಿದ್ವತ್ತೆಂಬ ಭ್ರಮೆ ಹಬ್ಬುತ್ತಿದೆ.

ಪೇಟೆಂಟ್ ಎಂಬುದು ಒಂದು ಕೊಡುಕೊಳ್ಳುವಿಕೆ: ಲೋಕಕ್ಕೆ ಹೊಸದನ್ನು ಕೊಡು, ಇಪ್ಪತ್ತು ವರ್ಷ ಫಲ ಉಣ್ಣು. ಹೊಸ ಕವಾಟ ಕಂಡುಹಿಡಿದವನು, ಮುರಿಯದ ಕೀಲು ಮಾಡಿದವನು ಆ ಫಲ ಉಣ್ಣಲಿ, ನನ್ನ ತಕರಾರಿಲ್ಲ. ಕೊಡದೆ ಕೊಳ್ಳುವವನ ಬಗ್ಗೆ ನನ್ನ ತಕರಾರು. ಇಷಿಜಿಮಾ ಮತ್ತು ಸಂಗಡಿಗರು ತಮ್ಮ ಪ್ರಬಂಧ ಪ್ರಕಟಿಸಿದಾಗ ಯಾರ ಅಪ್ಪಣೆಯ ಷರತ್ತನ್ನೂ ಹಾಕಲಿಲ್ಲ. ಹದಿನೇಳು ವರ್ಷಗಳ ನಂತರ ಆ ಪ್ರಬಂಧವೇ ಸಮುದ್ರದ ದಾರಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಅದರಿಂದ ಬ್ಲೂ ಆರಿಜಿನ್ನಿಗೂ ನಷ್ಟವಾಗಲಿಲ್ಲ, ಅವರ ಬೂಸ್ಟರೂ ಬಂದು ನಿಂತಿತು. “ಇನ್ನು ಮುಂದೆ ಯಾರು ಯೋಚಿಸುತ್ತಾರೆ?” ಎಂಬ ಪ್ರಶ್ನೆಗೆ ಇದೇ ಉತ್ತರ: ಹೀಗೆ ಯೋಚಿಸಿ ಹಂಚಿದವರು ಹಿಂದೆಯೂ ಇದ್ದರು, ಮುಂದೆಯೂ ಇರುತ್ತಾರೆ.

ಆದ್ದರಿಂದ ಸಾರ್ವಜನಿಕರ ಹಣದಿಂದ ನಡೆಯುವ ಸಂಸ್ಥೆಗಳಲ್ಲಿರುವ ನನ್ನ ಶಿಷ್ಯರಲ್ಲಿ ಒಂದು ವಿನಂತಿ, ವಯಸ್ಸಿನ ಬಲದಿಂದ ಆಜ್ಞೆಯೆಂದರೂ ಸರಿ. ನೀವು ಕಂಡುಕೊಂಡದ್ದರಲ್ಲಿ ದೇಶದ ರಕ್ಷಣೆಗೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ, ಅಚ್ಚು ಹಾಕಿಸಿ. ಸಾಧ್ಯವಾದಷ್ಟನ್ನು ಕನ್ನಡದಲ್ಲಿಯೂ ಬರೆಯಿರಿ. ಸೋತದ್ದನ್ನೂ ಬರೆಯಿರಿ. ನಿಮ್ಮ ಒಂದು ಹಾಳೆ ಎಂದಾದರೊಂದು ದಿನ, ನೀವು ಕಾಣದ ಯಾರದೋ ದಾರಿಯ ಬೇಲಿಯನ್ನು ಕಿತ್ತೀತು.